ಓದುಗರ ಪ್ರಶ್ನೆ, ಮಣ್ಣುವಿಜ್ಞಾನದ ಉತ್ತರ: ಆಕಾಶದಿಂದ ಕಂಡ ಹೊಲ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ದೂರಸಂವೇದನೆಯ ಬಗ್ಗೆ ಒಂದು ಸಣ್ಣ ಟಿಪ್ಪಣಿ ಪ್ರಕಟವಾಗಿತ್ತು. ಉಪಗ್ರಹ ಚಿತ್ರಗಳಿಂದ ಹೊಲದೊಳಗಿನ ಮಣ್ಣಿನ ವ್ಯತ್ಯಾಸವನ್ನೂ ಬೆಳೆಯ ಇಳುವರಿಯನ್ನೂ ಅಂದಾಜು ಮಾಡಬಹುದೆಂದು ಅದರಲ್ಲಿ ಹೇಳಿದ್ದೆ. ಅದನ್ನು ಓದಿದ ಹಲವರು ಅನುಮಾನಗಳನ್ನೂ ಆಕ್ಷೇಪಗಳನ್ನೂ ಬರೆದು ಕಳುಹಿಸಿದ್ದಾರೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಆರಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಉಪಗ್ರಹವು ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ಅದು ಮಣ್ಣನ್ನು ಮುಟ್ಟುವುದಿಲ್ಲ, ಜರಡಿ ಹಿಡಿಯುವುದಿಲ್ಲ, ತೂಗುವುದೂ ಇಲ್ಲ. ಹಾಗಿದ್ದರೂ ಮಣ್ಣಿನ ಗುಣವನ್ನು ಅದು ಹೇಳುತ್ತದೆಂದು ನಂಬುವುದು ಹೇಗೆ? ಎಷ್ಟು ಆಳದವರೆಗೆ ಅದಕ್ಕೆ ಕಾಣುತ್ತದೆ? (ವಿಜ್ಞಾನ ಪದವಿಯ ವಿದ್ಯಾರ್ಥಿನಿ)

ಉತ್ತರ: ಉಪಗ್ರಹದಲ್ಲಿರುವ ಸಂವೇದಕ ಅಳೆಯುವುದು ಮಣ್ಣನ್ನಲ್ಲ, ಮಣ್ಣಿನ ಮೇಲೆ ಬಿದ್ದು ಮರಳಿ ಬಂದ ಬಿಸಿಲನ್ನು. ಕಪ್ಪು ಮಣ್ಣು, ಕೆಂಪು ಮಣ್ಣು ಎಂದು ನಾವು ಕಣ್ಣಳತೆಯಲ್ಲೇ ಗುರುತಿಸುವಾಗ ಮಾಡುವುದೂ ಇದನ್ನೇ. ನಮ್ಮ ಕಣ್ಣಿಗೆ ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು ಮಾತ್ರ ಕಾಣುತ್ತದೆ. ಸಂವೇದಕಗಳು ಅವಕೆಂಪು ಭಾಗವನ್ನೂ ಸೇರಿಸಿಕೊಂಡು ಸುಮಾರು 2,500 ನ್ಯಾನೋಮೀಟರ್‌ವರೆಗೆ ನೋಡಬಲ್ಲವು. ಸಾವಯವ ಪದಾರ್ಥ ಹೆಚ್ಚಿರುವ ಮಣ್ಣು ಕಾಣುವ ಬೆಳಕನ್ನು ಹೆಚ್ಚು ಹೀರಿಕೊಂಡು ಕಪ್ಪಾಗಿ ತೋರುತ್ತದೆ. ಕಬ್ಬಿಣದ ಆಕ್ಸೈಡುಗಳು 900 ನ್ಯಾನೋಮೀಟರಿನ ಆಸುಪಾಸಿನಲ್ಲಿ ಬೆಳಕನ್ನು ಹೀರುತ್ತವೆ. ಜೇಡಿಯ ಖನಿಜಗಳ ಗುರುತು 2,200ರ ಬಳಿ ಸಿಗುತ್ತದೆ, ಸುಣ್ಣದ ಕಾರ್ಬೊನೇಟುಗಳದು 2,340ರ ಬಳಿ. ನೀರಿನ ಗಾಢವಾದ ಗುರುತುಗಳು 1,400 ಮತ್ತು 1,900ರ ಬಳಿ ಇವೆ. ಆದರೆ ಗಾಳಿಯಲ್ಲಿರುವ ತೇವಾಂಶವೂ ಅದೇ ತರಂಗಾಂತರಗಳನ್ನು ನುಂಗಿಬಿಡುವುದರಿಂದ, ಪ್ರಯೋಗಾಲಯದಲ್ಲಿ ಎದ್ದು ಕಾಣುವ ಆ ಎರಡು ಗುರುತುಗಳು ಉಪಗ್ರಹಕ್ಕೆ ದಕ್ಕುವುದಿಲ್ಲ.

ಇನ್ನೊಂದು ಮಿತಿಯೂ ಇದೆ. ಐರೋಪ್ಯ ಒಕ್ಕೂಟದ ಸೆಂಟಿನೆಲ್-2ರಂತಹ ಉಪಗ್ರಹ ಬೆಳಕನ್ನು 13 ಪಟ್ಟಿಗಳಾಗಿ ವಿಂಗಡಿಸುತ್ತದೆ. ಜೇಡಿಯ ಗುರುತು ಬೀಳುವ ಪಟ್ಟಿ ಬಹಳ ಅಗಲವಾದ್ದರಿಂದ, ಕಿರಿದಾದ ಆ ಗುರುತು ಅದರಲ್ಲಿ ಕದಡಿ ಹೋಗುತ್ತದೆ. 2019ರಲ್ಲಿ ಇಟಲಿ ಹಾರಿಸಿದ ಪ್ರಿಸ್ಮಾ ಮತ್ತು 2022ರಲ್ಲಿ ಜರ್ಮನಿ ಹಾರಿಸಿದ ಎನ್‌ಮ್ಯಾಪ್ ಉಪಗ್ರಹಗಳು ಬೆಳಕನ್ನು ಇನ್ನೂರಕ್ಕೂ ಹೆಚ್ಚು ಕಿರಿದಾದ ಪಟ್ಟಿಗಳಾಗಿ ಸೀಳಿ ನೋಡುವುದು ಇಂತಹ ಗುರುತುಗಳಿಗಾಗಿಯೇ.

ಆಳದ ವಿಷಯಕ್ಕೆ ಬಂದರೆ, ಬಿಸಿಲಿನ ಪ್ರತಿಫಲನ ಹೇಳುವುದು ಮಣ್ಣಿನ ತೊಗಲಿನ ಕಥೆಯನ್ನು ಮಾತ್ರ. ಹೆಚ್ಚೆಂದರೆ ಕೆಲವು ಮಿಲಿಮೀಟರ್. ಉಳುಮೆಯಿಂದ ಮೇಲಿನ 15-20 ಸೆಂಟಿಮೀಟರ್ ಮಣ್ಣು ತಿರುವಿ ಬೆರೆತಿರುತ್ತದೆ ಎಂಬ ಕಾರಣಕ್ಕಷ್ಟೇ ತೊಗಲನ್ನು ನೋಡಿ ಉಳುವ ಪದರವನ್ನು ಊಹಿಸಲು ನಮಗೆ ಧೈರ್ಯ ಬರುತ್ತದೆ. ಅದರ ಕೆಳಗೇನಿದೆ ಎಂಬುದನ್ನು ಬರಿಯ ಮಣ್ಣಿನ ಚಿತ್ರ ಹೇಳಲಾರದು. ಆ ತೊಗಲೂ ದಿನದಿನಕ್ಕೆ ಬಣ್ಣ ಬದಲಿಸುತ್ತದೆ. ನೆನೆದ ಮರಳು ಒಣಗಿದ ಫಲವತ್ತಾದ ಮಣ್ಣಿನಂತೆ ಕಪ್ಪಾಗಿ ಕಾಣಬಹುದು. ಹೆಂಟೆಗಳ ನೆರಳು ಹೊಲವನ್ನು ಮಬ್ಬಾಗಿಸುತ್ತದೆ, ಒಣಗಿದ ಕೂಳೆ ಅದನ್ನೇ ಬೆಳ್ಳಗಾಗಿಸುತ್ತದೆ. ಉಪ್ಪು ಕಟ್ಟಿದ ಸವಳು ನೆಲ, ಸುಣ್ಣದ ನೆಲ, ತೊಳೆದು ಹೋದ ಮರಳು ನೆಲ, ಮೂರೂ ಚಿತ್ರದಲ್ಲಿ ಬಿಳಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಇಲ್ಲಿ ಅಕ್ಷರಶಃ ಅನ್ವಯಿಸಬಹುದು. ಆದ್ದರಿಂದ ಒಂದೇ ದಿನದ ಚಿತ್ರವನ್ನು ನಂಬದೆ, ಹಲವು ವರ್ಷಗಳ ಚಿತ್ರಗಳಿಂದ ಬೆಳೆಯೂ ಕೂಳೆಯೂ ಇಲ್ಲದ ದಿನಗಳನ್ನು ಆರಿಸಿ, ಪ್ರತಿ ಬಿಂದುವಿಗೂ ಆ ದಿನಗಳ ನಡುಬೆಲೆಯನ್ನು ಲೆಕ್ಕ ಹಾಕಿ ಒಂದು ಸಂಯೋಜಿತ ಚಿತ್ರವನ್ನು ತಯಾರಿಸುವುದು ಈಗ ರೂಢಿಯಲ್ಲಿದೆ.

ಬೆಳೆಗೆ ದೊರೆಯುವ ರಂಜಕ ಮತ್ತು ಪೊಟ್ಯಾಷ್‌ಗೆ ಬೆಳಕಿನಲ್ಲಿ ತಮ್ಮದೇ ಆದ ಗುರುತಿಲ್ಲ. ಇವುಗಳ ನಕ್ಷೆಯನ್ನು ಉಪಗ್ರಹದಿಂದ ನೇರವಾಗಿ ತೆಗೆದದ್ದೆಂದು ಯಾರಾದರೂ ಹೇಳಿದರೆ, ಜೇಡಿಯೋ ಸಾವಯವ ಇಂಗಾಲವೋ ಹೆಚ್ಚಿದ್ದಲ್ಲಿ ಇವೂ ಹೆಚ್ಚಿರುತ್ತವೆ ಎಂಬ ಸ್ಥಳೀಯ ಹೊಂದಾಣಿಕೆಯನ್ನು ಅವರು ಬಳಸಿದ್ದಾರೆಂದೇ ಅರ್ಥ. ಆ ಹೊಂದಾಣಿಕೆ ಪಕ್ಕದ ಹೊಲದಲ್ಲೇ ಮುರಿದು ಬೀಳಬಹುದು.

ಪ್ರಶ್ನೆ: ನನ್ನ ಹೊಲದ ಒಂದು ಮೂಲೆ ಉಪಗ್ರಹದ ಹಸಿರು ನಕ್ಷೆಯಲ್ಲಿ ಪ್ರತಿ ಸಲವೂ ಕೆಂಪಾಗಿ ಕಾಣುತ್ತದೆ. ಮೊಬೈಲ್ ಆ್ಯಪ್ ಸಾರಜನಕದ ಕೊರತೆ ಎಂದು ಸೂಚಿಸಿತು. ಗೊಬ್ಬರ ಹೆಚ್ಚಿಸಿದೆ, ಫಲ ಕಾಣಲಿಲ್ಲ. ನಕ್ಷೆ ಸುಳ್ಳು ಹೇಳಿತೇ? (ಒಬ್ಬ ಕೃಷಿಕರು)

ಉತ್ತರ: ನಕ್ಷೆ ಸುಳ್ಳು ಹೇಳಲಿಲ್ಲ, ಅದು ಹೇಳದ ಮಾತನ್ನು ಆ್ಯಪ್ ಸೇರಿಸಿತು. ತಾವು ನೋಡಿದ ಹಸಿರು ನಕ್ಷೆ ಬಹುಮಟ್ಟಿಗೆ ಎನ್‌ಡಿವಿಐ ಎಂಬ ಸೂಚ್ಯಂಕದ್ದು. 1970ರ ದಶಕದ ಮೊದಲಲ್ಲಿ, 1972ರ ಜುಲೈನಲ್ಲಿ ಹಾರಿದ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹದ ದತ್ತಾಂಶದ ಜೊತೆಗೆ ಇದು ಬಳಕೆಗೆ ಬಂತು. ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಎಲೆಯೊಳಗಿನ ಕೋಶಗಳ ರಚನೆ ಸಮೀಪದ ಅವಕೆಂಪು ಬೆಳಕನ್ನು ಚದುರಿಸಿ ಹಿಂದಕ್ಕೆ ಕಳುಹಿಸುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಸೂಚ್ಯಂಕ ಸಿಗುತ್ತದೆ. ತುಂಬಿದ ಬೆಳೆ ಕೆಂಪಿನಲ್ಲಿ ನೂರಕ್ಕೆ 5 ಪಾಲು, ಅವಕೆಂಪಿನಲ್ಲಿ 45 ಪಾಲು ಮರಳಿಸಿದರೆ ಉತ್ತರ 0.8. ಬರಿಯ ಮಣ್ಣು 20 ಮತ್ತು 26 ಪಾಲು ಮರಳಿಸಿದರೆ ಉತ್ತರ ಸುಮಾರು 0.13. ಅಂದರೆ ಈ ಸಂಖ್ಯೆ ಹೇಳುವುದು ಆ ಜಾಗದಲ್ಲಿ ಹಸಿರು ಎಲೆ ಎಷ್ಟಿದೆ ಎಂಬುದನ್ನು ಮಾತ್ರ. ಎಲೆ ಯಾಕೆ ಕಡಿಮೆಯಾಯಿತು ಎಂಬುದು ಅದರೊಳಗೆ ಇಲ್ಲ.

ಸಾರಜನಕ ಸಾಲದಿದ್ದರೂ, ಬೇರಿಗೆ ಜಂತುಹುಳು ತಗಲಿದರೂ, ನೀರು ನಿಂತು ಬೇರಿಗೆ ಉಸಿರು ಕಟ್ಟಿದರೂ, ಉಪ್ಪು ಹೆಚ್ಚಿದ್ದರೂ, ಉಳುಮೆಯ ತಳದಲ್ಲಿ ಗಟ್ಟಿಪದರ ಕಟ್ಟಿದರೂ ಎಲೆ ಕಡಿಮೆಯಾಗುತ್ತದೆ, ಮೇಲಿನಿಂದ ನೋಡುವವರಿಗೆ ಎಲ್ಲವೂ ಒಂದೇ ಬಣ್ಣ. ಗಟ್ಟಿಪದರವಿರುವಲ್ಲಿ ಬೇರು ಕೆಳಗಿಳಿಯದ ಕಾರಣ, ತಾವು ಹಾಕಿದ ಹೆಚ್ಚುವರಿ ಗೊಬ್ಬರವನ್ನು ಎಳೆದುಕೊಳ್ಳಲು ಗಿಡಕ್ಕೆ ಶಕ್ತಿಯೇ ಇರುವುದಿಲ್ಲ. ಉಳಿದದ್ದು ಮಳೆಯ ನೀರಿನ ಜೊತೆ ಹೊರಟು ಹೋಗುತ್ತದೆ.

ಆದರೂ ನಕ್ಷೆಯಲ್ಲಿ ಬಣ್ಣವಲ್ಲದೆ ಬೇರೆ ಸುಳಿವುಗಳೂ ಇವೆ. ಮೊದಲು ಆಕಾರವನ್ನು ನೋಡಿ. ನೇರವಾದ ಗೆರೆ, ಚೌಕದ ಅಂಚು ಇದ್ದರೆ ಅದು ಮನುಷ್ಯರ ಕೈಕೆಲಸ: ಕೂರಿಗೆಯ ಕೊಳವೆ ಕಟ್ಟಿಕೊಂಡಿರಬಹುದು, ಗೊಬ್ಬರ ಒಂದು ಸಾಲಿಗೆ ಬೀಳದೇ ಹೋಗಿರಬಹುದು, ಅಥವಾ ಹಿಂದೊಮ್ಮೆ ಅಲ್ಲಿ ಬದು ಇದ್ದಿರಬಹುದು. ಇಳಿಜಾರನ್ನು ಅನುಸರಿಸಿ ಬಳುಕುವ ಅಂಚಿದ್ದರೆ ಅದು ಮಣ್ಣಿನದೋ ನೀರಿನದೋ ಕೆಲಸ. ಬಳಿಕ ಕಾಲವನ್ನು ನೋಡಿ. ಬೆಳೆ ಯಾವುದೇ ಇರಲಿ, ಪ್ರತಿ ವರ್ಷವೂ ಅದೇ ಜಾಗ ಸೊರಗಿದರೆ ಮಣ್ಣನ್ನು ಅನುಮಾನಿಸಬೇಕು. ಈ ವರ್ಷ ಮಾತ್ರ ಕಂಡ ಕಲೆ ಕೀಟದ್ದೋ ರೋಗದ್ದೋ ಇರಬಹುದು. ಮಳೆ ಹೋದ ಎಷ್ಟನೆಯ ದಿನ ಸೊರಗಿತು ಎಂಬುದೂ ಬಹಳ ಹೇಳುತ್ತದೆ. ಒಂದು ಮೀಟರ್ ಆಳದ ಮರಳು ಮಣ್ಣು ಬೆಳೆಗಾಗಿ ಸುಮಾರು 80 ಮಿಲಿಮೀಟರ್ ನೀರನ್ನು ಹಿಡಿದಿಟ್ಟುಕೊಂಡರೆ, ಗೋಡು ಮಣ್ಣು 160ರಷ್ಟು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಅರ್ಧದಷ್ಟನ್ನು ಮಾತ್ರ ಗಿಡ ಸಲೀಸಾಗಿ ಎಳೆದುಕೊಳ್ಳುತ್ತದೆ, ದಿನಕ್ಕೆ 5 ಮಿಲಿಮೀಟರ್ ಖರ್ಚಾಗುತ್ತದೆ ಎಂದರೆ, ಮರಳಿನಲ್ಲಿರುವ ಗಿಡ 8 ದಿನಕ್ಕೆ ಬಳಲಲು ತೊಡಗುತ್ತದೆ, ಗೋಡಿನಲ್ಲಿರುವುದು 16 ದಿನ ತಾಳುತ್ತದೆ. ಆದ್ದರಿಂದ ಮಳೆ ನಿಂತ ಹತ್ತು-ಹನ್ನೆರಡು ದಿನಗಳ ಬಳಿಕ ತೆಗೆದ ಚಿತ್ರ, ಬರಿಯ ಮಣ್ಣಿನ ಚಿತ್ರ ತೋರಿಸಲಾರದ ಆಳದ ವ್ಯತ್ಯಾಸವನ್ನು ಬೆಳೆಯ ಮೂಲಕ ತೋರಿಸಿಬಿಡುತ್ತದೆ. ಅಂತಹ ದಿನದ ಉಷ್ಣಚಿತ್ರ ದೊರೆತರೆ ಇನ್ನೂ ಒಳ್ಳೆಯದು; ನೀರು ಸಾಲದ ಗಿಡ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುವುದರಿಂದ ಅದರ ಎಲೆ ನೆರೆಯ ಗಿಡದ ಎಲೆಗಿಂತ ಬಿಸಿಯಾಗಿರುತ್ತದೆ, ಹಳದಿಯಾಗುವ ಮೊದಲೇ.

ಸಾರಜನಕವೇ ಕಾರಣವೇ ಎಂದು ತಿಳಿಯಲು ಒಂದು ಅಗ್ಗದ ಪರೀಕ್ಷೆಯಿದೆ. ಮುಂದಿನ ಹಂಗಾಮಿನಲ್ಲಿ ಒಳ್ಳೆಯ ಜಾಗದಿಂದ ಆ ಕೆಟ್ಟ ಮೂಲೆಯವರೆಗೆ ಹಾಯುವಂತೆ ಒಂದು ಪಟ್ಟೆಗೆ ಮಾತ್ರ ಸಾರಜನಕವನ್ನು ಧಾರಾಳವಾಗಿ ಕೊಡಿ. ಮೂಲೆಯಲ್ಲಿ ಆ ಪಟ್ಟೆ ಅಕ್ಕಪಕ್ಕದ ಬೆಳೆಗಿಂತ ಕಡುಹಸಿರಾದರೆ ಆ್ಯಪ್ ಹೇಳಿದ್ದು ಸರಿ. ಪಟ್ಟೆಯೂ ಅಲ್ಲಿ ಅಷ್ಟೇ ಸೊರಗಿದರೆ ಗೊಬ್ಬರದ ಚೀಲವನ್ನು ಬದಿಗಿಟ್ಟು ಗುದ್ದಲಿ ಹಿಡಿಯಬೇಕು. ಮೊಣಕಾಲುದ್ದದ ಗುಂಡಿ ತೋಡಿ, ಬೇರು ಎಲ್ಲಿ ಅಡ್ಡ ತಿರುಗಿದೆ ಎಂದು ನೋಡಿದರೆ ಹತ್ತು ಚಿತ್ರಗಳು ಹೇಳದ್ದು ತಿಳಿಯುತ್ತದೆ.

ತಮ್ಮ ಪ್ರಶ್ನೆಗೆ ಹೊಂದಿಕೊಂಡ ಇನ್ನೊಂದು ಮಾತು. ಹಲವು ವರ್ಷಗಳ ನಕ್ಷೆಗಳನ್ನು ಕೂಡಿಸಿ ಸರಾಸರಿ ತೆಗೆಯುವ ಅಭ್ಯಾಸದಲ್ಲಿ ಒಂದು ಮೋಸವಿದೆ. ತಗ್ಗಿನ ಜೇಡಿ ನೆಲ ಮಳೆ ಕಡಿಮೆಯಾದ ವರ್ಷ ಚೆನ್ನಾಗಿ ಬೆಳೆದು, ಮಳೆ ಹೆಚ್ಚಾದ ವರ್ಷ ಜವುಗು ಹಿಡಿಯುತ್ತದೆ. ದಿಬ್ಬದ ಮರಳು ನೆಲದ್ದು ಇದಕ್ಕೆ ತದ್ವಿರುದ್ಧ. ಎರಡು ವರ್ಷಗಳ ಸರಾಸರಿಯಲ್ಲಿ ಎರಡೂ ಒಂದೇ ಸಮನಾಗಿ ಕಂಡು, ಹೊಲವೆಲ್ಲ ಏಕರೂಪವೆಂಬ ತಪ್ಪು ತಿಳಿವಳಿಕೆ ಮೂಡುತ್ತದೆ. ಆದ್ದರಿಂದ ಪ್ರತಿ ಬಿಂದುವಿನ ಇಳುವರಿಯನ್ನು ಆಯಾ ವರ್ಷದ ಹೊಲದ ಸರಾಸರಿಯೊಂದಿಗೆ ಹೋಲಿಸಿ, ಸರಾಸರಿಯ ಜೊತೆಗೆ ಏರಿಳಿತವನ್ನೂ ನಕ್ಷೆ ಮಾಡಬೇಕು. ಸದಾ ಸೊರಗುವ ಜಾಗಕ್ಕೂ ವರ್ಷಕ್ಕೊಂದು ಬಗೆಯಲ್ಲಿ ವರ್ತಿಸುವ ಜಾಗಕ್ಕೂ ಮಾಡಬೇಕಾದ ಉಪಚಾರ ಬೇರೆ ಬೇರೆ.

ಪ್ರಶ್ನೆ: ಕಟಾವಿಗೆ ಮೊದಲೇ ಉಪಗ್ರಹದಿಂದ ಇಳುವರಿಯನ್ನು ಹೇಳಬಹುದೇ? ಹೇಳಿದರೆ ಎಷ್ಟು ನಂಬಬಹುದು? (ನಿವೃತ್ತ ಉಪಾಧ್ಯಾಯರು)

ಉತ್ತರ: ಒಂದು ಪ್ರಾಂತ್ಯದ ಇಳುವರಿಯನ್ನು ಸಾಕಷ್ಟು ಚೆನ್ನಾಗಿ, ಒಂದು ಹೊಲದ್ದನ್ನು ಅಷ್ಟಕ್ಕಷ್ಟೇ. ಇದು ತಲೆಕೆಳಗಾಗಿ ತೋರಬಹುದಾದರೂ ಕಾರಣ ಸರಳ: ಒಂದು ಹೊಲದಲ್ಲಿ ಹೆಚ್ಚಾಗಿ ಅಂದಾಜಿಸಿದ್ದು, ಇನ್ನೊಂದರಲ್ಲಿ ಕಡಿಮೆಯಾಗಿ ಅಂದಾಜಿಸಿದ್ದು, ಸಾವಿರಾರು ಹೊಲಗಳನ್ನು ಕೂಡಿದಾಗ ಪರಸ್ಪರ ಸರಿಹೋಗುತ್ತವೆ. 1972ರಲ್ಲಿ ಸೋವಿಯತ್ ಒಕ್ಕೂಟದ ಬೆಳೆ ಕೈಕೊಟ್ಟು, ಅದು ಸದ್ದಿಲ್ಲದೆ ಅಮೆರಿಕದಿಂದ ಅಪಾರ ಗೋಧಿ ಕೊಂಡಾಗ ಧಾನ್ಯದ ಬೆಲೆ ಏರಿತು. ಬೆಳೆಯ ಸುದ್ದಿಯನ್ನು ಆಕಾಶದಿಂದಲೇ ತಿಳಿಯಬೇಕೆಂಬ ತವಕಕ್ಕೆ ಆ ಪ್ರಸಂಗ ಇಂಬು ಕೊಟ್ಟಿತು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ, ಅಲ್ಲಿನ ಕೃಷಿ ಇಲಾಖೆ ಮತ್ತು ಹವಾಮಾನ ಸಂಸ್ಥೆ ಸೇರಿ 1974ರಲ್ಲಿ ಲ್ಯಾಂಡ್‌ಸ್ಯಾಟ್ ಬಳಸಿ ಆರಂಭಿಸಿದ ಗೋಧಿ ಅಂದಾಜಿನ ಯೋಜನೆ, 1977ರ ಸೋವಿಯತ್ ಬೆಳೆಯನ್ನು ಕಟಾವಿನ ಅಂತಿಮ ಲೆಕ್ಕಕ್ಕೆ ಬಹಳ ಹತ್ತಿರವಾಗಿ ಹೇಳಿತು. ಆದರೆ ಆ ಯೋಜನೆಯಲ್ಲಿ ಉಪಗ್ರಹ ಮುಖ್ಯವಾಗಿ ಕೊಟ್ಟದ್ದು ಗೋಧಿ ಬಿತ್ತಿದ ವಿಸ್ತೀರ್ಣವನ್ನು. ಹೆಕ್ಟೇರಿಗೆ ಎಷ್ಟು ಎಂಬ ಲೆಕ್ಕ ಹವಾಮಾನದ ಮಾದರಿಗಳಿಂದ ಬಂದಿತ್ತು. ಇದನ್ನು ಮರೆತು ಹೊಗಳುವವರೇ ಹೆಚ್ಚು.

ಒಂದು ಹೊಲದ ಲೆಕ್ಕಕ್ಕೆ ತಳಹದಿ ಹಾಕಿದವರು ಬ್ರಿಟನ್ನಿನ ವಿಜ್ಞಾನಿ ಜಾನ್ ಮಾಂಟೀತ್. ನೀರು, ಗೊಬ್ಬರ ಸರಿಯಿದ್ದಾಗ ಬೆಳೆ ಕೂಡಿಡುವ ಒಣತೂಕ ಅದರ ಎಲೆಗಳು ಹಿಡಿದ ಬೆಳಕಿಗೆ ಅನುಗುಣವಾಗಿರುತ್ತದೆ ಎಂದು ಅವರು 1977ರ ಪ್ರಬಂಧದಲ್ಲಿ ತೋರಿಸಿದರು. ಎಲೆ ಹಿಡಿದ ಬೆಳಕಿನ ಪಾಲನ್ನು ಉಪಗ್ರಹ ಅಂದಾಜಿಸುತ್ತದೆ, ಅದನ್ನು ದಿನದಿನದ ಬಿಸಿಲಿನಿಂದ ಗುಣಿಸಿ ಕೂಡಿ, ಬೆಳಕನ್ನು ಒಣತೂಕವಾಗಿಸುವ ಬೆಳೆಯ ದಕ್ಷತೆಯಿಂದ ಗುಣಿಸಿದರೆ ಒಟ್ಟು ಒಣತೂಕ ಸಿಗುತ್ತದೆ. ಅದರಲ್ಲಿ ಕಾಳಿಗೆ ಹೋಗುವ ಪಾಲೆಷ್ಟು ಎಂಬುದೇ ಕಗ್ಗಂಟು. ಈಗಿನ ಗೋಧಿ ತಳಿಗಳಲ್ಲಿ ಆ ಪಾಲು ಸಾಮಾನ್ಯವಾಗಿ ಶೇಕಡಾ 40ರಿಂದ 50. ಹೂ ಬಿಡುವ ವಾರದಲ್ಲಿ ಬಿಸಿಗಾಳಿ ಬೀಸಿದರೆ ಎಲೆ ಹಸಿರಾಗಿಯೇ ಇದ್ದು ತೆನೆ ಜಳ್ಳಾಗುತ್ತದೆ. ಉಪಗ್ರಹಕ್ಕೆ ಎಲೆ ಕಾಣುತ್ತದೆ, ಜಳ್ಳು ಕಾಣುವುದಿಲ್ಲ. ಜೊತೆಗೆ, ನೆಲದ ಒಂದು ಚದರ ಮೀಟರಿಗೆ ಎಲೆಯ ಹರವು ಸುಮಾರು ಮೂರು ಚದರ ಮೀಟರ್ ದಾಟಿದ ಮೇಲೆ ಎನ್‌ಡಿವಿಐ ಏರುವುದನ್ನೇ ಹೆಚ್ಚುಕಡಿಮೆ ನಿಲ್ಲಿಸುವುದರಿಂದ, ಒಳ್ಳೆಯ ಬೆಳೆಗೂ ಅತ್ಯುತ್ತಮ ಬೆಳೆಗೂ ಭೇದ ತಿಳಿಯದು. ಕೆಂಪಿಗೂ ಅವಕೆಂಪಿಗೂ ನಡುವಿನ ಅಂಚಿನಲ್ಲಿ, ಅಂದರೆ 705, 740 ಮತ್ತು 783 ನ್ಯಾನೋಮೀಟರ್ ಬಳಿ, ಸೆಂಟಿನೆಲ್-2ಕ್ಕೆ ಮೂರು ಪಟ್ಟಿಗಳಿರುವುದು ಈ ಕೊರತೆಯನ್ನು ಕೊಂಚ ತುಂಬುತ್ತದೆ.

ಕಟಾವು ಯಂತ್ರದ ಇಳುವರಿ ನಕ್ಷೆಯನ್ನು ಉಪಗ್ರಹದ ಚಿತ್ರದೊಂದಿಗೆ ಹೋಲಿಸುವವರಿಗೆ ಒಂದು ಎಚ್ಚರಿಕೆ. ತೆನೆ ಕತ್ತರಿಸಿದ ಕ್ಷಣಕ್ಕೂ ಕಾಳು ಯಂತ್ರದೊಳಗಿನ ಅಳತೆಯ ಸಂವೇದಕವನ್ನು ತಲುಪುವುದಕ್ಕೂ ಹತ್ತು-ಹದಿನೈದು ಸೆಕೆಂಡುಗಳ ಅಂತರವಿರುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರ್ ಸಾಗುವ ಯಂತ್ರದಲ್ಲಿ 12 ಸೆಕೆಂಡಿನ ತಡವೆಂದರೆ 18 ಮೀಟರಿನ ತಪ್ಪು. ಇದನ್ನು ಸರಿಪಡಿಸದೆ ಹೋಲಿಸಿದರೆ ದೋಷವೆಲ್ಲ ಉಪಗ್ರಹದ ತಲೆಗೆ ಬರುತ್ತದೆ.

ಪ್ರಶ್ನೆ: ಒಂದೇ ಎಕರೆ ಹಿಡುವಳಿಗೆ ಇದರಿಂದ ಪ್ರಯೋಜನವುಂಟೇ?

ಉತ್ತರ: ಲೆಕ್ಕ ಹಾಕಿ ನೋಡೋಣ. ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 64 ಮೀಟರ್. ಲ್ಯಾಂಡ್‌ಸ್ಯಾಟ್‌ನ ಒಂದು ಚಿತ್ರಬಿಂದು 30 ಮೀಟರ್ ಬದಿಯದಾದ್ದರಿಂದ ಉದ್ದಕ್ಕೆ ಎರಡು, ಅಗಲಕ್ಕೆ ಎರಡು ಬಿಂದುಗಳು ಹಿಡಿಸಬಹುದು. ಅವೂ ಹೊಲದ ಅಂಚಿಗೆ ಸರಿಯಾಗಿ ಕೂಡುವುದು ಅಪರೂಪ, ನೆರೆಯವರ ಬೆಳೆ ಬೆರೆತೇ ಇರುತ್ತದೆ. ಸೆಂಟಿನೆಲ್-2ರ 10 ಮೀಟರ್ ಬಿಂದುಗಳಾದರೆ ಆರಕ್ಕೆ ಆರು, ಒಟ್ಟು 36. ಅಂಚಿನ ಸುತ್ತಿನ 20ನ್ನು ಕಳೆದರೆ ಶುದ್ಧವಾಗಿ ಉಳಿಯುವುದು 16. ಅಷ್ಟರಲ್ಲಿ ಹೊಲವನ್ನು ಎರಡು, ಹೆಚ್ಚೆಂದರೆ ಮೂರು ವಲಯಗಳಾಗಿ ಬಿಡಿಸಬಹುದು. ಅದಕ್ಕಿಂತ ಸೂಕ್ಷ್ಮವಾಗಿ ಬಣ್ಣ ಬಳಿದ ನಕ್ಷೆ ಕಂಡರೆ ನಡುವಿನ ಬಣ್ಣಗಳನ್ನು ಗಣಕಯಂತ್ರ ನಯವಾಗಿಸಿದೆ ಎಂದು ತಿಳಿಯಿರಿ. ಡ್ರೋನ್ ಹಾರಿಸಿದರೆ ಸೆಂಟಿಮೀಟರ್ ಲೆಕ್ಕದ ಚಿತ್ರ ದೊರೆಯುತ್ತದೆ, ಆದರೆ ಹತ್ತು ವರ್ಷ ಹಿಂದಿನ ಚಿತ್ರ ಅದರಲ್ಲಿ ಸಿಗದು. ಮಣ್ಣಿನ ಸ್ವಭಾವವನ್ನು ತಿಳಿಯಲು ನನ್ನ ಮಟ್ಟಿಗೆ ಆ ಹಳೆಯ ಚಿತ್ರಗಳೇ ಹೆಚ್ಚು ಬೆಲೆಬಾಳುವವು. ಲ್ಯಾಂಡ್‌ಸ್ಯಾಟ್‌ನ ಹಳೆಯ ಭಂಡಾರ 2008ರಿಂದ ಎಲ್ಲರಿಗೂ ಉಚಿತವಾಗಿದೆ.

ಪ್ರಶ್ನೆ: ಬೆಳೆಯ ಕಾಲದಲ್ಲೇ ಮೋಡ ಮುಚ್ಚಿರುತ್ತದಲ್ಲ?

ಉತ್ತರ: ನಿಜ. ಎರಡು ಸೆಂಟಿನೆಲ್-2 ಉಪಗ್ರಹಗಳು ಸೇರಿ 5 ದಿನಕ್ಕೊಮ್ಮೆ ಬಂದರೂ ಮೋಡವಿದ್ದರೆ ಕಾಣುವುದು ಮೋಡವೇ. ರಾಡಾರ್ ಉಪಗ್ರಹಗಳ ಅಲೆಗಳು ಮೋಡವನ್ನು ದಾಟಿ ಬರುತ್ತವೆ. 2014ರಿಂದ ಸೆಂಟಿನೆಲ್-1 ಈ ಕೆಲಸ ಮಾಡುತ್ತಿದೆ. ಆದರೆ ರಾಡಾರ್ ಹೇಳುವುದು ಬೆಳೆಯ ರಚನೆ, ಮಣ್ಣಿನ ತೇವ, ನೆಲದ ಒರಟುತನ ಮೂರನ್ನೂ ಬೆರೆಸಿ. ತೇವವನ್ನೇ ಅಳೆಯಲು 2015ರಲ್ಲಿ ನಾಸಾ ಹಾರಿಸಿದ ಸ್ಮ್ಯಾಪ್ ಉಪಗ್ರಹ ಮೇಲಿನ 5 ಸೆಂಟಿಮೀಟರಿನ ತೇವವನ್ನು ಹೇಳುತ್ತದೆಯಾದರೂ, ಅದರ ರಾಡಾರ್ ಕೆಲವೇ ತಿಂಗಳಲ್ಲಿ ಕೆಟ್ಟು ಹೋದ್ದರಿಂದ ಉಳಿದ ಉಪಕರಣಕ್ಕೆ ಹತ್ತಾರು ಕಿಲೋಮೀಟರ್ ಅಗಲದ ನೆಲ ಒಂದೇ ಬಿಂದು. ಬರದ ಮುನ್ಸೂಚನೆಗೆ ಅದು ಸರಿ, ಒಂದು ಹೊಲಕ್ಕೆ ಅಲ್ಲ.

ಪ್ರಶ್ನೆ: ಸಂಶೋಧನೆಗಾಗಿ ಒಂದು ಹೊಲದಲ್ಲಿ 120 ಮಣ್ಣಿನ ಮಾದರಿಗಳನ್ನು ತೆಗೆದು, ಉಪಗ್ರಹದ ದತ್ತಾಂಶದಿಂದ ಸಾವಯವ ಇಂಗಾಲವನ್ನು ಊಹಿಸುವ ಗಣಕ ಮಾದರಿಯನ್ನು ಕಟ್ಟಿದೆ. ಪರೀಕ್ಷೆಯಲ್ಲಿ ಬಹಳ ನಿಖರವೆನಿಸಿತು. ಪಕ್ಕದ ಹೊಲದಲ್ಲಿ ಪೂರ್ತಿ ಕೈಕೊಟ್ಟಿತು. ತಪ್ಪೆಲ್ಲಿ? (ಕೃಷಿ ಸ್ನಾತಕೋತ್ತರ ವಿದ್ಯಾರ್ಥಿ)

ಉತ್ತರ: ಪರೀಕ್ಷೆಗಾಗಿ ಬದಿಗಿಟ್ಟ ಮಾದರಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ್ದೀರೆಂದು ಊಹಿಸುತ್ತೇನೆ. ಮಣ್ಣಿನಲ್ಲಿ ಹತ್ತಿರದ ಜಾಗಗಳು ಒಂದನ್ನೊಂದು ಹೋಲುತ್ತವೆ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ದುಡಿದ ಡ್ಯಾನಿ ಕ್ರಿಗ ಅವರ ಹೆಸರಿನಲ್ಲಿ ಬಂದಿರುವ ಕ್ರಿಗಿಂಗ್, ಅಂದರೆ ಅಳೆದ ಜಾಗಗಳಿಂದ ನಡುವಿನ ಅಳೆಯದ ಜಾಗವನ್ನು ಊಹಿಸುವ ವಿಧಾನ, ನಿಂತಿರುವುದೇ ಈ ಹೋಲಿಕೆಯ ಮೇಲೆ. ಬದಿಗಿಟ್ಟ ಪ್ರತಿ ಮಾದರಿಗೂ ಹದಿನೈದು-ಇಪ್ಪತ್ತು ಮೀಟರ್ ದೂರದಲ್ಲಿ ಕಲಿಕೆಗೆ ಬಳಸಿದ ಮಾದರಿಯೊಂದು ಇದ್ದೇ ಇರುತ್ತದೆ. ತಮ್ಮ ಗಣಕ ಮಾದರಿ ಉತ್ತರವನ್ನು ಬಹುಪಾಲು ನೆರೆಮನೆಯಿಂದ ಎರವಲು ತಂದಿದೆ. ಪ್ರಶ್ನೆಪತ್ರಿಕೆಯನ್ನು ಮೊದಲೇ ನೋಡಿದ ವಿದ್ಯಾರ್ಥಿಯ ಅಂಕದಂತೆ ಆ ನಿಖರತೆ. ಹೊಲವನ್ನು ದೊಡ್ಡ ತುಂಡುಗಳಾಗಿ ವಿಂಗಡಿಸಿ ಒಂದು ತುಂಡನ್ನು ಇಡಿಯಾಗಿ ಹೊರಗಿಟ್ಟು ಪರೀಕ್ಷಿಸಿ; ಹಲವು ಹೊಲಗಳಿದ್ದರೆ ಒಂದು ಹೊಲವನ್ನೇ, ಹಲವು ವರ್ಷಗಳಿದ್ದರೆ ಒಂದು ವರ್ಷವನ್ನೇ ಹೊರಗಿಡಿ. ಅಂಕ ಇಳಿಯುತ್ತದೆ. ಆ ಇಳಿದ ಅಂಕವನ್ನೇ ಪ್ರಬಂಧದಲ್ಲಿ ಬರೆಯಬೇಕು.

ಪಕ್ಕದ ಹೊಲದ ಚಿತ್ರ ತೆಗೆದ ದಿನ ಅಲ್ಲಿ ಮಣ್ಣು ಹಸಿಯಾಗಿತ್ತೇ ಎಂಬುದನ್ನೂ ನೋಡಿ. ಒಣ ಮಣ್ಣಿನಲ್ಲಿ ಕಲಿತ ಗಣಕ ಮಾದರಿ ಹಸಿ ಮಣ್ಣಿನ ಕಪ್ಪನ್ನು ಇಂಗಾಲವೆಂದೇ ಎಣಿಸುತ್ತದೆ. ಇನ್ನು ಮಾದರಿ ತೆಗೆಯುವ ಕ್ರಮ: ಸಾಮಾನ್ಯ ಜಿಪಿಎಸ್ ಮೂರರಿಂದ ಐದು ಮೀಟರ್ ಅತ್ತಿತ್ತ ತೋರಿಸುತ್ತದೆ, ಉಪಗ್ರಹದ ಚಿತ್ರವೂ ಕೆಲವು ಮೀಟರ್ ಸರಿದಿರಬಹುದು, ಎರಡೂ ಸೇರಿದರೆ ತಾವು ತೆಗೆದ ಮಣ್ಣು ಒಂದು ಬಿಂದುವಿನದು, ಓದಿದ ಬೆಳಕು ಇನ್ನೊಂದರದು ಆಗಬಹುದು. ಸುತ್ತಲಿನ ಎಂಟು ಬಿಂದುಗಳೂ ಒಂದೇ ತೆರನಾಗಿರುವ ಜಾಗವನ್ನು ಚಿತ್ರದಲ್ಲೇ ಮೊದಲು ಗುರುತಿಸಿಕೊಂಡು, ಅದರ ನಟ್ಟನಡುವೆ ಐದಾರು ಕಡೆ ಅಗೆದ ಮಣ್ಣನ್ನು ಬೆರೆಸಿ ಒಂದು ಮಾದರಿ ಮಾಡಿಕೊಳ್ಳಿ. ಮಾದರಿಗಳ ಸಂಖ್ಯೆ 120ರಿಂದ 60ಕ್ಕೆ ಇಳಿದರೂ ಚಿಂತೆಯಿಲ್ಲ. ಉಳಿದ ಶ್ರಮವನ್ನು ಎರಡನೆಯ ಹೊಲಕ್ಕೆ ಹೂಡಿ.